ಬೆಳೆದ ಮಗನ ಕೈಗೆ ಯಾವ ಕೋವಿ?

ಆಯುಧಪೂಜೆಯ ದಿನ ಗುದ್ದಲಿ, ಕುಡುಗೋಲು, ಪಂಪ್‌ಸೆಟ್ಟುಗಳ ಜೊತೆಗೆ ಹಿರಿಯರ ಕಾಲದ ಕೋವಿಯನ್ನೂ ಒರೆಸಿಟ್ಟು ಅರಿಶಿನ ಕುಂಕುಮ ಹಚ್ಚುವ ಮನೆಗಳು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಈಗಲೂ ಇವೆ. ಆ ಮನೆಗಳ ಹುಡುಗರು ಹನ್ನೆರಡು ಹದಿಮೂರರ ವಯಸ್ಸಿಗೆ ಏರ್‌ಗನ್ ಹಿಡಿದು, ತೆಂಗಿನ ಚಿಪ್ಪು, ಡಬ್ಬಿಗಳಿಗೆ ಗುರಿಯಿಟ್ಟು ಬೆಳೆದವರು. ಹದಿನಾರು ಹದಿನೇಳಕ್ಕೆ ಬಂದಾಗ ಆ ಏರ್‌ಗನ್ ಅವರ ತೋಳಿಗೆ ಗಿಡ್ಡವಾಗುತ್ತದೆ. "ಅಪ್ಪಾ, ಇದು ಮಕ್ಕಳದ್ದು, ನನಗೆ ದೊಡ್ಡದು ಬೇಕು" ಎಂಬ ಬೇಡಿಕೆ ಅಲ್ಲಿಂದ ಶುರು. ತೋಟಕ್ಕೆ ಜಿಂಕೆ, ಹಂದಿ ನುಗ್ಗುವ ಕಾಲದಲ್ಲಿ ಅಪ್ಪನಿಗೂ ಅದು ಸರಿಯೆಂದೇ ತೋರುತ್ತದೆ.

ಈ ವಿಷಯವಾಗಿ ಸದಸ್ಯರು ಆಗಾಗ್ಗೆ ವಿಚಾರಿಸುವುದರಿಂದ, ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿ ಕೊಡುತ್ತಿದ್ದೇವೆ. ಕೋವಿಯ ಆಯ್ಕೆ ಎಂದರೆ ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಸುಲಭದ ಕೆಲಸವಲ್ಲ. ಅದರಲ್ಲಿ ಹುಡುಗನ ಪ್ರಾಣವಿದೆ, ನೆರೆಯವರ ಪ್ರಾಣವಿದೆ, ಮನೆಯ ಮಾನವೂ ಇದೆ.

ಮೊದಲು ಜಿಂಕೆಯ ಮಾತು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕಡೆಯ ಕೆಲವರು ಊರಿಗೆ ಬಂದಾಗ ಅಲ್ಲಿಯ ಪದ್ಧತಿಯನ್ನು ವರ್ಣಿಸುವುದುಂಟು. ಅಲ್ಲಿ ಮಕ್ಕಳ ಅಳತೆಯ ರೈಫಲ್ಲುಗಳೇ ಬೇರೆ ಸಿಗುತ್ತವೆ. ಹುಡುಗ ಬೆಳೆದಂತೆ ದೊಡ್ಡ ಅಳತೆಯದನ್ನು ಕೊಂಡು ಜಿಂಕೆ ಬೇಟೆಗೆ ಕರೆದೊಯ್ಯುತ್ತಾರೆ. ಅಲ್ಲಿ ರಾಜ್ಯ ಸರ್ಕಾರಗಳೇ ಬೇಟೆಯ ಋತು, ಲೈಸೆನ್ಸು, ಹೊಡೆಯಬಹುದಾದ ಪ್ರಾಣಿಗಳ ಸಂಖ್ಯೆ ಎಲ್ಲವನ್ನೂ ಗೊತ್ತುಮಾಡುತ್ತವೆ. ಆ ಮಾತು ಕೇಳಿ ನಮ್ಮ ಹುಡುಗರಿಗೂ ಆಸೆ ಹುಟ್ಟುವುದು ಸಹಜ.

ಆದರೆ ನಮ್ಮಲ್ಲಿ ಆ ಬಾಗಿಲು ಮುಚ್ಚಿ ಬಹಳ ಕಾಲವಾಯಿತು. ಮೈಸೂರು ಮಹಾರಾಜರ ಷಿಕಾರಿ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲು, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಆ ಕಾಯ್ದೆಯಲ್ಲಿ ಆರಂಭಕ್ಕೆ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶವಿತ್ತು. 1991ರ ತಿದ್ದುಪಡಿಯಿಂದ ಅದೂ ಹೋಯಿತು. ಜಿಂಕೆ, ಕಡವೆ, ಕಾಡುಕುರಿ, ಇವುಗಳಲ್ಲಿ ಯಾವುದನ್ನೂ ಮೋಜಿಗಾಗಲಿ, ಮಾಂಸಕ್ಕಾಗಲಿ ಹೊಡೆಯುವಂತಿಲ್ಲ. ಹೊಡೆಯಲು ಪ್ರಯತ್ನಿಸುವುದು, ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು ಕೂಡ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇವೆ. ಮೊದಲ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ. ಕೋವಿ, ವಾಹನ ಎಲ್ಲವೂ ಜಪ್ತಿಯಾಗುತ್ತವೆ.

ಏರ್‌ಗನ್ನಿನಿಂದ ನವಿಲು, ಗಿಳಿ, ಕೊಕ್ಕರೆ ಹೊಡೆಯುವುದೂ ಇದೇ ಕಾಯ್ದೆಯೊಳಗೆ ಬರುತ್ತದೆ ಎಂಬುದನ್ನು ಹುಡುಗರಿಗೆ ಬಿಡಿಸಿ ಹೇಳಬೇಕು. "ಹಕ್ಕಿ ತಾನೆ" ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಿಂದ ಜನರು ತಾವಾಗಿಯೇ ಏರ್‌ಗನ್ನುಗಳನ್ನು ಸರ್ಕಾರಕ್ಕೆ ಒಪ್ಪಿಸುವ ಅಭಿಯಾನ ನಡೆದದ್ದು ಕಾಡಿನ ಹಕ್ಕಿ, ಪ್ರಾಣಿಗಳನ್ನು ಉಳಿಸಿಕೊಳ್ಳುವುದಕ್ಕಾಗಿಯೇ.

ಹಾಗಾದರೆ ಬೆಳೆ ಹಾಳುಮಾಡುವ ಪ್ರಾಣಿಯ ಗತಿಯೇನು? ಕಾಯ್ದೆಯ 11ನೇ ಪ್ರಕರಣದಲ್ಲಿ, ಕೆಲವು ಪ್ರಾಣಿಗಳು ಮನುಷ್ಯನ ಪ್ರಾಣಕ್ಕೆ ಅಥವಾ ನಿಂತ ಬೆಳೆ ಸೇರಿದಂತೆ ಆಸ್ತಿಗೆ ಅಪಾಯಕಾರಿ ಎಂದು ಮನದಟ್ಟಾದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಆದೇಶ ಕೊಡಬಹುದು. ಕೈಯಲ್ಲಿ ಆ ಕಾಗದವಿಲ್ಲದೆ ಕಾಡುಹಂದಿಗೂ ಈಡು ಹಾರಿಸುವಂತಿಲ್ಲ. ಆ ಕಾಗದ ಹದಿನೇಳರ ಹುಡುಗನ ಹೆಸರಿಗೆ ಬರುವುದೂ ಇಲ್ಲ.

ವಯಸ್ಸಿನ ಲೆಕ್ಕ

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮೊದಲು 16 ವರ್ಷ ತುಂಬಿದವರು ಕೋವಿ ಹೊಂದಬಹುದಿತ್ತು. ನಮ್ಮ ಹಿರಿಯರ ನೆನಪಿನಲ್ಲಿರುವುದು ಆ ಲೆಕ್ಕ. 1983ರ ತಿದ್ದುಪಡಿಯಲ್ಲಿ ಅದನ್ನು 21ಕ್ಕೆ ಏರಿಸಲಾಯಿತು. "ನನಗೆ ಹದಿನಾರಕ್ಕೇ ಅಪ್ಪ ಕೋವಿ ಕೊಟ್ಟಿದ್ದರು" ಎಂದು ಇಂದಿನ ತಾತಂದಿರು ಹೇಳುವುದು ಸುಳ್ಳಲ್ಲ. ಆದರೆ ಆ ಕಾಲ ಈಗಿಲ್ಲ. 21 ತುಂಬದವರಿಗೆ ಕೋವಿ ಮಾರುವುದು, ಕೊಡುವುದು ಕೂಡ ನಿಷಿದ್ಧ. ನಿಗದಿಪಡಿಸಿದ ಷರತ್ತುಗಳೊಂದಿಗೆ ಗುರಿ ಅಭ್ಯಾಸದ ತರಬೇತಿಗೆ ಮಾತ್ರ ಕಿರಿಯರಿಗೆ ಅವಕಾಶವಿದೆ. ಇದನ್ನು ಮುಂದೆ ವಿವರಿಸಿದ್ದೇವೆ.

ಲೈಸೆನ್ಸ್ ಅಪ್ಪನ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ಮಗ ಅದನ್ನು ಹಿಡಿದು ರಾತ್ರಿ ತೋಟ ಕಾಯುವಂತಿಲ್ಲ. ಹಾಗೆ ಕಳುಹಿಸಿದರೆ ಮಗನ ಮೇಲೆ ಬರುವ ಮೊಕದ್ದಮೆ ಅಪ್ಪನ ಮೇಲೂ ಬರುತ್ತದೆ. ವರ್ಷಗಟ್ಟಲೆ ಕಚೇರಿ ಅಲೆದು ಪಡೆದ ಲೈಸೆನ್ಸೂ ಕೈಬಿಡುತ್ತದೆ.

ತಾತನ ಕೋವಿ

ನಮ್ಮ ತಾಲ್ಲೂಕುಗಳಲ್ಲಿ ಬೆಳೆರಕ್ಷಣೆಗೆಂದು ಕೊಡುವ ಲೈಸೆನ್ಸು ಸಾಮಾನ್ಯವಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ಗೀರುಗಳಿಲ್ಲದ ನುಣುಪು ನಳಿಗೆಯ ಬೇರೆ ಕೋವಿಗೂ ಕೊಡಬಹುದೆಂದು ಕಾಯ್ದೆಯಲ್ಲಿದೆ. ಜಿಂಕೆ ಹೊಡೆಯುವ ರೈಫಲ್ಲಿಗೂ ಬೆಳೆರಕ್ಷಣೆಯ ಲೈಸೆನ್ಸಿಗೂ ಸಂಬಂಧವೇ ಇಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ಲೈಸೆನ್ಸ್‌ದಾರರು ತೀರಿಕೊಂಡ ಮನೆಗಳಲ್ಲಿ ಕೋವಿ ಹಾಗೆಯೇ ಮೂಲೆಯಲ್ಲಿ ಉಳಿದುಬಿಡುವುದುಂಟು. ಇದು ದೊಡ್ಡ ತೊಡಕು. ಲೈಸೆನ್ಸ್‌ದಾರರು ಹೋದ ಮೇಲೆ ತಡಮಾಡದೆ ಕೋವಿಯನ್ನು ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಪಡೆದ ಕೋವಿ ಅಂಗಡಿಗೆ ಒಪ್ಪಿಸಿ ರಸೀದಿ ಪಡೆಯಬೇಕು. ಮನೆಯಲ್ಲಿ 21 ತುಂಬಿದ ವಾರಸುದಾರರಿದ್ದರೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಹುಡುಗನಿಗೆ ಹದಿನೇಳಾಗಿದ್ದರೆ ಅವನಿಗೆ ನಾಲ್ಕು ವರ್ಷ ಕಾಯಲು ಹೇಳಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಕೊಟ್ಟು ಮತ್ತೆ ತರುವುದು ನಮಗೆ ಹೊಸದೇನಲ್ಲ.

ಹಳೆಯ ಕೇಪಿನ ಕೋವಿ ಹುಡುಗರ ಕೈಗೆ ಅಪಾಯಕಾರಿ ಎನ್ನುವುದಕ್ಕೆ ಬೇರೆ ಕಾರಣಗಳೂ ಇವೆ. ತುಂಬಿದೆಯೋ ಇಲ್ಲವೋ ಹೊರಗಿನಿಂದ ಕಾಣದು. ಮರೆತು ಎರಡನೆಯ ಸಲ ಮದ್ದು ತುಂಬಿದರೆ ನಳಿಗೆಯೇ ಸಿಡಿಯಬಹುದು. ಕೇಪು ಸಿಡಿದು ಮದ್ದು ಹತ್ತದಿದ್ದಾಗ, ಕೆಲವು ಕ್ಷಣ ತಡವಾಗಿ ಈಡು ಹೊರಡುವುದುಂಟು. ಆ ಹೊತ್ತಿಗೆ ಹುಡುಗ ನಳಿಗೆಯೊಳಗೆ ಇಣುಕಿರುತ್ತಾನೆ.

ಕೊಡಗಿನ ನೆಂಟರ ಮಾತು

"ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ" ಎಂದು ಹೇಳುವವರಿದ್ದಾರೆ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವ ನಾಡು ಅದು. ಆದರೆ ಆ ವಿನಾಯಿತಿ ನೆಂಟಸ್ತನದಿಂದ ನಮಗೆ ಬರುವುದಿಲ್ಲ. ವನ್ಯಜೀವಿ ಕಾಯ್ದೆಯಿಂದ ಅವರಿಗೂ ವಿನಾಯಿತಿ ಇಲ್ಲ. ಹಬ್ಬಕ್ಕೆ ಹೋದ ಹುಡುಗ ಅಲ್ಲಿಂದ ಕೋವಿ ತಂದರೆ ಅದು ಇಲ್ಲಿ ಲೈಸೆನ್ಸಿಲ್ಲದ ಕೋವಿಯೇ.

ಹುಡುಗನಿಗೆ ನಿಜವಾಗಿ ಒಪ್ಪುವುದು

ಇಷ್ಟೆಲ್ಲ ಹೇಳಿ ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚುವುದು ನಮ್ಮ ಉದ್ದೇಶವಲ್ಲ. ಗುರಿ ಹೊಡೆಯುವ ಕೈ ದೊಡ್ಡ ವಿದ್ಯೆ. ಅದಕ್ಕೆ ಸರಿಯಾದ ದಾರಿಯೂ ಇದೆ.

ಶಾಲೆ, ಕಾಲೇಜಿನಲ್ಲಿ ಎನ್.ಸಿ.ಸಿ. ಇದ್ದರೆ ಮೊದಲು ಅಲ್ಲಿಗೆ ಸೇರಿಸಿ. ಅಲ್ಲಿ .22 ರೈಫಲ್ಲಿನಲ್ಲಿ ಶಿಸ್ತಿನಿಂದ ಗುರಿ ಕಲಿಸುತ್ತಾರೆ. ಎರಡನೆಯದು 10 ಮೀಟರ್ ಏರ್ ರೈಫಲ್ ಕ್ರೀಡೆ. ಇದರಲ್ಲಿ ಗುರಿಹಲಗೆಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು. ಡಬ್ಬಿ ಉರುಳಿಸಿದವನಿಗೆ ಇದರ ಮುಂದೆ ನಿಂತಾಗಲೇ ತನ್ನ ಕೈಯ ನಡುಕ ಗೊತ್ತಾಗುವುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ಲಿನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ನೆರೆಯ ಕೊಲ್ಲಾಪುರ ಜಿಲ್ಲೆಯ ಹಳ್ಳಿಯವರು.

ಗಿಡ್ಡವಾದ ಏರ್‌ಗನ್ನಿನ ಬದಲು ಬೇರೆಯದನ್ನು ಕೊಳ್ಳುವಾಗ ಗಮನಿಸಬೇಕಾದ್ದು ಇಷ್ಟು:

1. ಉದ್ದ: ಕೋವಿಯ ಹಿಂಬದಿಯ ಮರವನ್ನು ಹುಡುಗನ ಮೊಣಕೈ ಮಡಿಕೆಗೆ ಒತ್ತಿಹಿಡಿಸಿ. ತೋರುಬೆರಳಿನ ಮೊದಲ ಗಿಣ್ಣು ಆರಾಮವಾಗಿ ಕುದುರೆಗೆ ತಲುಪಿದರೆ ಅಳತೆ ಹೆಚ್ಚುಕಡಿಮೆ ಸರಿ. ಉದ್ದವಾದರೆ ಹುಡುಗ ಸೊಂಟ ಹಿಂದಕ್ಕೆ ಬಾಗಿಸಿ ನಿಲ್ಲುತ್ತಾನೆ; ಗಿಡ್ಡವಾದರೆ ಮೂಗು ಹೆಬ್ಬೆರಳಿಗೆ ತಾಗುತ್ತದೆ.

2. ಬೆಳವಣಿಗೆಗೆ ಅವಕಾಶ: ಸ್ಪರ್ಧೆಯ ರೈಫಲ್ಲುಗಳಲ್ಲಿ ಭುಜಕ್ಕೆ ತಾಗುವ ಭಾಗವನ್ನೂ ಕೆನ್ನೆ ಒರಗುವ ಭಾಗವನ್ನೂ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಬಹುದು. ಹಾಗಿದ್ದರೆ ಎರಡು ವರ್ಷಕ್ಕೊಮ್ಮೆ ಹೊಸದು ಕೊಳ್ಳುವ ಖರ್ಚಿಲ್ಲ.

3. ತೂಕ: ಸ್ಪರ್ಧೆಯಲ್ಲಿ 5.5 ಕಿಲೋಗ್ರಾಂ ಮೀರುವಂತಿಲ್ಲ. ಕಲಿಯುವವನಿಗೆ ಅದಕ್ಕಿಂತ ಹಗುರವೇ ಲೇಸು. ಐದು ನಿಮಿಷ ಹಿಡಿದು ನಿಂತು ತೋಳು ನಡುಗಿದರೆ ಅದು ಅವನಿಗಲ್ಲ.

4. ಶಕ್ತಿ: 4.5 ಮಿಲಿಮೀಟರ್, ಅಂದರೆ .177 ಅಳತೆಯ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕಿಂತ ಬಲವಾದದ್ದನ್ನು "ಹಂದಿಗೂ ಆಗುತ್ತದೆ" ಎಂದು ಯಾರಾದರೂ ಮಾರಲು ಬಂದರೆ ದೂರವಿಡಿ. ಕೊಂಡದ್ದಕ್ಕೆ ಬಿಲ್ಲು ಪಡೆದು ಜೋಪಾನ ಮಾಡಿ.

5. ಹಿಂಬದಿಯ ತಡೆ: ಮನೆಯಲ್ಲಿ ಅಭ್ಯಾಸ ಮಾಡುವಾಗ ಗುರಿಯ ಹಿಂದೆ ದಪ್ಪ ಮಣ್ಣಿನ ದಿಬ್ಬ ಇರಲಿ. ಸಿಮೆಂಟು ಗೋಡೆ, ತಗಡು ಇದ್ದರೆ ಗುಂಡು ಹಿಂದಕ್ಕೆ ಚಿಮ್ಮುತ್ತದೆ. ಏರ್‌ಗನ್ನಿನ ಸಣ್ಣ ಗುಂಡೂ ಕಣ್ಣು ಕಳೆಯಬಲ್ಲದು, ಕನ್ನಡಕ ಹಾಕಿಸಿ.

ಕೋವಿ ಯಾವುದೇ ಇರಲಿ, ತುಂಬಿದೆ ಎಂದೇ ತಿಳಿದು ಹಿಡಿಯಬೇಕು. ನಳಿಗೆ ಮನುಷ್ಯನತ್ತ ತಿರುಗಬಾರದು. ಗುರಿ ಕಾಣುವವರೆಗೆ ಬೆರಳು ಕುದುರೆಗೆ ಹೋಗಬಾರದು. ಗುರಿಯ ಆಚೆ ಏನಿದೆಯೆಂದು ನೋಡದೆ ಹಾರಿಸಬಾರದು. ಈ ನಾಲ್ಕು ಮಾತು ಬಾಯಿಪಾಠವಾಗುವವರೆಗೆ ಒಂದು ಗುಂಡನ್ನೂ ಕೊಡಬೇಡಿ. ಕೋವಿ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ, ಎರಡರ ಕೀಲಿಯೂ ಹಿರಿಯರ ಸೊಂಟದಲ್ಲಿ ಇರಲಿ.

ತೋಟದ ಕಾವಲು ಹೇಗೆ?

ಹಂದಿ ಎಂದು ತಿಳಿದು ಪೊದೆಗೆ ಹಾರಿಸಿದ ಈಡು ಮನುಷ್ಯನಿಗೆ ತಗುಲಿದ ಸುದ್ದಿ ಮಲೆನಾಡಿನ ಕಡೆಯಿಂದ ಮತ್ತೆ ಮತ್ತೆ ಬರುತ್ತಿರುತ್ತದೆ. ಸತ್ತವನೂ ಹೊಡೆದವನೂ ಒಂದೇ ಊರಿನವರು, ಎಷ್ಟೋ ಸಲ ಒಂದೇ ಮನೆಯವರು. ರಾತ್ರಿ ನೀರು ಹಾಯಿಸಲು ಓಡಾಡುವ ನಮ್ಮ ಕಾಲುವೆ ಬಯಲಿನಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ಸಂಗತಿ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಚಿರತೆಯ ಬಾಯಿಗೆ ನಾಲ್ವರು ಬಲಿಯಾದರು. ಅವರಲ್ಲಿ 11 ವರ್ಷದ ಬಾಲಕನೂ ಇದ್ದ. ಆ ಬಳಿಕ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. ಇತ್ತ ನಂಜನಗೂಡಿನ ಹೆಡಿಯಾಲ ಕಡೆ ಬಂಡೀಪುರದ ಕಾಡೇ ಹೊಲದ ಅಂಚಿಗಿದೆ. ಕಬ್ಬಿನ ಗದ್ದೆ ಪಕ್ಕದ ತೋಟಕ್ಕೆ ಹದಿಹರೆಯದವನನ್ನು ಒಬ್ಬನೇ ರಾತ್ರಿ ಕಾವಲಿಗೆ ಕಳುಹಿಸುವುದು, ಕೈಯಲ್ಲಿ ಕೋವಿ ಇದ್ದರೂ ಇಲ್ಲದಿದ್ದರೂ, ತಕ್ಕದ್ದಲ್ಲ. ಕೋವಿ ಇದ್ದರೆ ಅವನಿಗೆ ಇಲ್ಲದ ಧೈರ್ಯ ಬರುತ್ತದೆ. ಆ ಧೈರ್ಯವೇ ಕೇಡು.

ಕೋವಿಗೆ ಹಾಕುವ ಹಣವನ್ನು ಬೇಲಿಗೆ ಹಾಕಿ. ಸೌರಬೇಲಿಯಲ್ಲಿ ಕ್ಷಣಮಾತ್ರದ ಮಿಡಿತವಾಗಿ ವಿದ್ಯುತ್ ಹರಿಯುತ್ತದೆ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಬಲ ಸೋರಿಹೋಗುವುದರಿಂದ ಬೇಲಿಯ ಅಡಿಯನ್ನು ಸವರುತ್ತಿರಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಕೊಲೆಗೆ ಸಮಾನ. ಅದಕ್ಕೆ ಆನೆಯಷ್ಟೇ ಅಲ್ಲ, ಮನೆಯವರೂ ಬಲಿಯಾಗಿದ್ದಾರೆ. ಎಳೆಯ ಅಡಿಕೆ ಸಸಿಗಳನ್ನು ಹಂದಿ, ಮುಳ್ಳುಹಂದಿ ಬುಡಕ್ಕೇ ಹಾಳುಮಾಡುವುದರಿಂದ ಮೊದಲ ವರ್ಷಗಳಲ್ಲಿ ಸಸಿಗೊಂದು ತಂತಿಬಲೆ ಸುತ್ತಿದರೆ ಹೆಚ್ಚಿನ ಉಪಯೋಗ. ಹಾನಿಯಾದರೆ ಫೋಟೊ, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ಅರ್ಜಿ ಕೊಡಿ. ಪರಿಹಾರ ನಷ್ಟದಷ್ಟು ಬರುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೆ ಅರ್ಜಿಯೇ ಇಲ್ಲದಿದ್ದರೆ ನಮ್ಮ ತಾಲ್ಲೂಕಿನ ಹಾನಿ ಸರ್ಕಾರದ ಲೆಕ್ಕಕ್ಕೇ ಬರುವುದಿಲ್ಲ. ಈ ಕೆಲಸವನ್ನು ಆ ಹದಿನೇಳರ ಮಗನಿಗೇ ವಹಿಸಿ. ಮೊಬೈಲಿನಲ್ಲಿ ಫೋಟೊ ತೆಗೆದು ಅರ್ಜಿ ತುಂಬುವುದರಲ್ಲಿ ಅವನು ನಮ್ಮೆಲ್ಲರಿಗಿಂತ ಚುರುಕು.

ಒಟ್ಟಿನಲ್ಲಿ ಹೇಳುವುದಾದರೆ, 21 ತುಂಬುವವರೆಗೆ ಹುಡುಗನಿಗೆ ಒಪ್ಪುವುದು ಅವನ ತೋಳಿಗೆ ಹೊಂದುವ ಏರ್ ರೈಫಲ್, ಎನ್.ಸಿ.ಸಿ.ಯ ಮೈದಾನ, ಮತ್ತು ಪಕ್ಕದಲ್ಲಿ ನಿಂತು ನೋಡುವ ಒಬ್ಬ ಹಿರಿಯರು. ಜಿಂಕೆಗೆಂದು ಕೊಳ್ಳುವ ರೈಫಲ್ ನಮ್ಮ ನಾಡಿನ ಯಾವ ಮನೆಗೂ ಬೇಡ. ಮನೆಯಲ್ಲಿ ವಾರಸುದಾರರಿಲ್ಲದ ಹಳೆಯ ಕೋವಿಯಿದ್ದರೆ ಬರುವ ಆಯುಧಪೂಜೆಗೆ ಕಾಯದೆ ಠಾಣೆಗೆ ಒಪ್ಪಿಸಿ, ರಸೀದಿಯನ್ನು ಪಹಣಿ, ಪಟ್ಟೆಗಳ ಜೊತೆಗಿಡಿ.