ಸವಾರನಿಲ್ಲದ ಬೈಕ್

ಹ್ಯಾಂಡಲ್ ಮೇಲೆ ಕೂತು ಹೊರಟವನಿಗೆ, ಹಿಂದಿನ ಸೀಟಿನಲ್ಲಿ ಸವಾರನೇ ಇಲ್ಲವೆಂಬುದು ಗೊತ್ತಿಲ್ಲ. ಬಸ್ಟರ್ ಕೀಟನ್ 1924ರಲ್ಲಿ ತೆಗೆದ ಅಮೆರಿಕದ ಮೂಕಿ ಚಿತ್ರ ‘ಶೆರ್ಲಾಕ್ ಜೂನಿಯರ್’ನ ಪ್ರಸಿದ್ಧ ಬೈಕ್ ಓಟದ ಗುಟ್ಟು ಇಷ್ಟೇ.

ಕೀಟನ್ ಇಲ್ಲಿ ಟಾಕೀಸಿನ ಪ್ರೊಜೆಕ್ಟರ್ ಆಪರೇಟರ್. (ಟಾಕಿ ಚಿತ್ರಗಳೇ ಇನ್ನೂ ಬಂದಿರಲಿಲ್ಲ, ಆ ಮಾತು ಬೇರೆ.) ಕೆಲಸದ ನಡುವೆ ನಿದ್ದೆಹೋಗಿ, ಕನಸಿನಲ್ಲಿ ತೆರೆಯೊಳಗೆ ನುಗ್ಗಿ ಪತ್ತೇದಾರನಾಗುತ್ತಾನೆ. ನಾಯಕಿಯನ್ನು ಬಿಡಿಸಿಕೊಂಡು ಬರಲು ಹೊರಟಾಗ, ಪೊಲೀಸ್ ವೇಷದ ಸಹಾಯಕ ಬೈಕ್ ತರುತ್ತಾನೆ. ರಸ್ತೆಯ ಒಂದು ಕುಲುಕಿಗೆ ಸಹಾಯಕ ನೆಲಕ್ಕುರುಳುತ್ತಾನೆ. ಬೈಕ್ ಮಾತ್ರ ಓಡುತ್ತಲೇ ಇರುತ್ತದೆ. ಗುಂಡಿ ತೋಡುವವರ ಸಾಲು ಎದುರಾದರೆ, ಒಬ್ಬರಾದ ಮೇಲೊಬ್ಬರು ಎರಚಿದ ಸಲಿಕೆ ಮಣ್ಣು ಕೀಟನ್ ಮುಖಕ್ಕೇ! ಸೇತುವೆಯ ನಡುಭಾಗ ಮುರಿದಿದ್ದರೆ, ಸರಿಯಾಗಿ ಅದೇ ಗಳಿಗೆಗೆ ಕೆಳಗೆ ಎರಡು ಲಾರಿಗಳು ಬರುತ್ತವೆ. ಅವುಗಳ ನೆತ್ತಿಯ ಮೇಲೆ ಬೈಕ್ ದಾಟಿಬಿಡುತ್ತದೆ. ಹಿಂದೆ ಯಾರೂ ಇಲ್ಲವೆಂದು ತಿಳಿಯುವುದು ಆಮೇಲೆ. ಭಯ ಶುರುವಾಗುವುದೂ ಆಗಲೇ.

ನಗೆ ಉಕ್ಕುವುದು ವೇಗದಿಂದಲ್ಲ, ಆ ನಿಶ್ಚಿಂತೆಯಿಂದ.

ಬೈಕಿನಿಂದ ಬಿದ್ದವನೂ ಕೀಟನ್ನೇ. ಸಹಾಯಕನ ಬಟ್ಟೆ ತೊಟ್ಟು ಆ ಏಟನ್ನೂ ತಾನೇ ತಿಂದ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಇದೇ ಚಿತ್ರದ ರೈಲಿನ ದೃಶ್ಯದಲ್ಲಿ. ನೀರಿನ ಟ್ಯಾಂಕಿನ ಕೊಳವೆಗೆ ಜೋತುಬಿದ್ದಾಗ ರಭಸದಿಂದ ಧುಮುಕಿದ ನೀರು ಅವನನ್ನು ಹಳಿಗೆ ಅಪ್ಪಳಿಸಿತು. ತಲೆನೋವು ಕಾಡಿದರೂ ಕೆಲಸ ಮುಂದುವರಿಸಿದ. ಅಂದು ಕತ್ತಿನ ಮೂಳೆ ಮುರಿದಿತ್ತೆಂದು ಗೊತ್ತಾದದ್ದು ವರ್ಷಗಳ ನಂತರ, ವೈದ್ಯರು ಎಕ್ಸ್‌ರೇ ತೆಗೆಸಿದಾಗ.