ರೀಸ್ಟಾರ್ಟ್ ಮಾಡಿದ್ದು ಯಾರು?

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದಪ್ಪ ಕನೆಕ್ಟರಿನಲ್ಲಿ ಬೂದು ಬಣ್ಣದ ಒಂದು ತಂತಿ ಇರುತ್ತದೆ, ಎಂಟನೆಯ ಪಿನ್ನಿನಲ್ಲಿ. (ಈಚಿನ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪು, ಜಾಗ ಮಾತ್ರ ಅದೇ.) ಅಕ್ಕಪಕ್ಕದ ತಂತಿಗಳು ಕರೆಂಟು ಸಾಗಿಸಿದರೆ ಇದು ಸಾಗಿಸುವುದು ಒಂದೇ ಒಂದು ಸುದ್ದಿ: 'ವೋಲ್ಟೇಜೆಲ್ಲ ಸರಿಯಾಗಿದೆ'. ಇದರ ಹೆಸರು ಪವರ್ ಗುಡ್. 1981ರ ಮೊದಲ ಐಬಿಎಂ ಪಿಸಿಯಲ್ಲೂ ಈ ಏರ್ಪಾಡಿತ್ತು. ಸ್ವಿಚ್ ಒತ್ತಿದ ಮೇಲೆ ಎಸ್‌ಎಂಪಿಎಸ್ ತನ್ನ ವೋಲ್ಟೇಜುಗಳು ಹದಕ್ಕೆ ಬರಲಿ ಎಂದು ಅರೆ ಸೆಕೆಂಡಿನೊಳಗಿನಷ್ಟು ಹೊತ್ತು ಕಾದು ಈ ಸುದ್ದಿ ಕಳಿಸುತ್ತದೆ. ಆಮೇಲೇ ಪ್ರೊಸೆಸರ್ ಕೆಲಸಕ್ಕಿಳಿಯುತ್ತದೆ. ನಡುವೆ ಸುದ್ದಿ ನಿಂತಿತೋ, ಪ್ರೊಸೆಸರ್ ಇದ್ದದ್ದು ಇದ್ದಲ್ಲೇ ಬಿಟ್ಟು ರೀಸೆಟ್ ಆಗುತ್ತದೆ. ಬರೆಯುತ್ತಿದ್ದ ಪತ್ರ ಮಾಯವಾಗಿ ಕಂಪನಿಯ ಲೋಗೊ ಕಣ್ಣೆದುರು ನಿಂತಾಗ ನಾವು 'ತಾನಾಗಿ ರೀಸ್ಟಾರ್ಟ್ ಆಯ್ತು' ಎನ್ನುತ್ತೇವೆ.

ತಾನಾಗಿ ಆಗುವುದು ಏನೂ ಇಲ್ಲ. ರೀಸ್ಟಾರ್ಟಿನ ಆಜ್ಞೆ ಕೊಟ್ಟವರು ಒಬ್ಬರು ಇದ್ದೇ ಇರುತ್ತಾರೆ. ಅವರು ಯಾರೆಂದು ಕೇಳದೆಯೇ 'ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡಿಸಿ' ಎನ್ನುವುದು ನಮ್ಮಲ್ಲಿ ರೂಢಿ. ಈ ಅನುಮಾನ ಪೂರ್ತಿ ಹುರುಳಿಲ್ಲದ್ದಲ್ಲ. 2003ರ ಆಗಸ್ಟಿನಲ್ಲಿ ಹಬ್ಬಿದ ಬ್ಲಾಸ್ಟರ್ ಎಂಬ ಹುಳು ವಿಂಡೋಸ್ ಎಕ್ಸ್‌ಪಿ ಯಂತ್ರಗಳನ್ನು ಅರವತ್ತು ಸೆಕೆಂಡಿನ ಎಣಿಕೆ ತೋರಿಸಿ ಮತ್ತೆ ಮತ್ತೆ ಮುಚ್ಚಿ ತೆರೆಸುತ್ತಿತ್ತು. ಆ ಕಾಲ ಮುಗಿದಿದೆ, ಅನುಮಾನ ಮಾತ್ರ ಉಳಿದುಕೊಂಡಿದೆ.

ಮೊದಲ ಸಾಕ್ಷಿ ವಿಂಡೋಸ್‌ನಲ್ಲೇ ಸಿಗುತ್ತದೆ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ಪಟ್ಟಿ ನೋಡಿ. 1074 ಎಂಬ ಸಂಖ್ಯೆ ಇದ್ದರೆ ಯಾವುದೋ ಪ್ರೋಗ್ರಾಮ್, ಎಷ್ಟೋ ಸಲ ಅಪ್‌ಡೇಟ್, ಕ್ರಮವಾಗಿಯೇ ರೀಸ್ಟಾರ್ಟ್ ಕೇಳಿದೆ ಎಂದರ್ಥ. ಅದರ ಹೆಸರೂ ಅಲ್ಲೇ ಇರುತ್ತದೆ. ಕರ್ನಲ್-ಪವರ್ 41 ಕಂಡವರು ರೋಗ ಸಿಕ್ಕಿತೆಂದು ಗಾಬರಿಯಾಗುತ್ತಾರೆ. ಅದು ಕಂಪ್ಯೂಟರ್ ಮತ್ತೆ ಎದ್ದ ಮೇಲೆ ಬರೆದುಕೊಂಡದ್ದು, 'ಹಿಂದಿನ ಸಲ ನನ್ನನ್ನು ಸರಿಯಾಗಿ ಮುಚ್ಚಿರಲಿಲ್ಲ' ಎಂದಷ್ಟೇ ಹೇಳುತ್ತದೆ. ಕಾರಣದ ಸುಳಿವು ಬೇಕಾದರೆ ಅದರ ಡಿಟೇಲ್ಸ್ ಪುಟದ ಬಗ್‌ಚೆಕ್‌ಕೋಡ್ ನೋಡಬೇಕು. ಅಲ್ಲಿ ಸಂಖ್ಯೆ ಇದ್ದರೆ ವಿಂಡೋಸ್ ತಾನೇ ಎಡವಿ ಬಿದ್ದು ಎದ್ದಿದೆ: ಡ್ರೈವರ್, ರ‍್ಯಾಮ್ ಅಥವಾ ಡಿಸ್ಕ್ ಮೇಲೆ ಕಣ್ಣಿಡಿ. ಸೊನ್ನೆಯಿದ್ದರೆ ಏನಾಯಿತೆಂದು ಬರೆದಿಡಲೂ ಅದಕ್ಕೆ ಪುರುಸೊತ್ತು ಸಿಕ್ಕಿಲ್ಲ; ಅನುಮಾನ ಹೆಚ್ಚಾಗಿ ಕರೆಂಟಿನ ಕಡೆ ತಿರುಗುತ್ತದೆ. ನೀಲಿ ಪರದೆ ಮಿಂಚಿ ಮರೆಯಾಗುತ್ತಿದ್ದರೆ, ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎದುರಿನ ಟಿಕ್ ತೆಗೆಯಿರಿ. ಆಗ ಪರದೆ ನಿಂತು ಓದಿಸಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಆ ಸೊನ್ನೆಗೆ ಕಾರಣಗಳು ಹಲವು. ಗೋಡೆಯ ಕರೆಂಟು ಸೆಕೆಂಡಿಗೆ ಐವತ್ತು ಆವರ್ತ, ಅಂದರೆ ಒಂದಕ್ಕೆ 20 ಮಿಲಿಸೆಕೆಂಡು. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ಮನೆಯ ಸಂಪಿನ ಹಾಗೆ ಒಂದಿಷ್ಟು ಕೂಡಿಟ್ಟುಕೊಂಡಿದ್ದು, ಕರೆಂಟು ತಪ್ಪಿದರೂ ಪೂರ್ತಿ ಹೊರೆಯಲ್ಲಿ 16–17 ಮಿಲಿಸೆಕೆಂಡು ದೂಡಬೇಕು. ಆಫ್‌ಲೈನ್ ಯುಪಿಎಸ್‌ನ ರಿಲೇ ಬ್ಯಾಟರಿಗೆ ಬದಲಾಗಲು ಕೆಲವು ಮಿಲಿಸೆಕೆಂಡು ಸಾಕು. ಎರಡೂ ಗಟ್ಟಿಯಾಗಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಸೆಕೆಯಲ್ಲಿ ವರ್ಷಗಟ್ಟಲೆ ದುಡಿದ ಕೆಪಾಸಿಟರ್ ಸೊರಗುತ್ತದೆ. ಯುಪಿಎಸ್‌ನ 12 ವೋಲ್ಟಿನ ಬ್ಯಾಟರಿಯಂತೂ ಮಹಾ ಮೋಸಗಾರ: ಮೀಟರಿಗೆ ತುಂಬಿದಂತೆ ಕಂಡರೂ ಹೊರೆ ಬಿದ್ದ ಕೂಡಲೇ ಕುಸಿಯುತ್ತದೆ. ಕರೆಂಟು ಹೋದ ಕ್ಷಣಕ್ಕೋ, ಪಂಪು ಶುರುವಾದ ಕ್ಷಣಕ್ಕೋ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಆ ಬ್ಯಾಟರಿಯನ್ನು ಪರೀಕ್ಷಿಸಿ. ಕರೆಂಟು ಇದ್ದಾಗಲೂ ಆಗುತ್ತಿದ್ದರೆ ಯುಪಿಎಸ್ ಬಿಟ್ಟು ನೇರ ಗೋಡೆಗೆ ಸಿಕ್ಕಿಸಿ ನೋಡಿ. ಟೈಪು ಮಾಡುವಾಗ ಸುಮ್ಮನಿದ್ದು ಗೇಮ್ ಆಡುವಾಗಲೇ ಬೀಳುತ್ತಿದ್ದರೆ ಎಸ್‌ಎಂಪಿಎಸ್ ಬದಲಿಸಿ ನೋಡಬೇಕು. 12 ವೋಲ್ಟಿನ ಸಾಲು 11.4ಕ್ಕಿಂತ ಕೆಳಗಿಳಿಯಬಾರದು, ಆದರೆ ಗ್ರಾಫಿಕ್ಸ್ ಕಾರ್ಡು ಒಮ್ಮೆಲೇ ಎಳೆದಾಗ ಬಡ ಎಸ್‌ಎಂಪಿಎಸ್ ಕೈಚೆಲ್ಲುತ್ತದೆ. ಅದನ್ನು ಬಿಚ್ಚುವ ಸಾಹಸ ಮಾತ್ರ ಬೇಡ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಬಿಸಿಯನ್ನು ಜನ ಅಗತ್ಯಕ್ಕಿಂತ ಹೆಚ್ಚು ದೂರುತ್ತಾರೆ ಎಂದು ನನ್ನ ಅನಿಸಿಕೆ. ಇಂದಿನ ಬಹಳಷ್ಟು ಪ್ರೊಸೆಸರ್‌ಗಳು 100 ಡಿಗ್ರಿಯ ಹತ್ತಿರ ಮೊದಲು ವೇಗ ತಗ್ಗಿಸುತ್ತವೆ. ಮೀರಿದರೆ ಸಾಮಾನ್ಯವಾಗಿ ಯಂತ್ರವನ್ನೇ ಆರಿಸಿಬಿಡುತ್ತವೆ. ಆದರೂ ಧೂಳು ಊದಿಸುವುದು ಒಳ್ಳೆಯದೇ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ.

ರ‍್ಯಾಮ್ ಮೇಲೆ ಅನುಮಾನ ಬಂದಿದ್ದರೆ ಅದರ ಪರೀಕ್ಷೆಗೆ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ. ಒಂದು ತಪ್ಪು ಕಂಡರೂ ಅದು ನಾಪಾಸು. ಎರಡು ಕಡ್ಡಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ಸಿಕ್ಕಿಬೀಳುತ್ತದೆ.

ಯಾರೂ ಅನುಮಾನಿಸದ ಇನ್ನೊಬ್ಬನಿದ್ದಾನೆ: ಡಬ್ಬಿಯ ಮುಂದಿನ ರೀಸೆಟ್ ಬಟನ್. ಧೂಳು, ಜಿಡ್ಡು ಸೇರಿ ಅರೆಬರೆ ಸಿಕ್ಕಿಕೊಂಡಿದ್ದರೆ ಆಗಾಗ ತಾನೇ ಒತ್ತಿಕೊಳ್ಳುತ್ತದೆ. ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಮದರ್‌ಬೋರ್ಡಿನಿಂದ ಅದರ ಎರಡು ಪಿನ್ನಿನ ತಂತಿಯನ್ನು ಕಿತ್ತಿಡಿ. ಆ ಬಟನ್ ಇಲ್ಲದೆಯೂ ಕಂಪ್ಯೂಟರ್ ಚೆನ್ನಾಗಿಯೇ ನಡೆಯುತ್ತದೆ.