ಮಳೆಗಿಂತ ಮೊದಲೇ ಬರಬೇಕಾದ ಸುದ್ದಿ

ಮುಂಬಯಿಯ ಕನ್ನಡಿಗರಲ್ಲಿ 2005ರ ಜುಲೈ 26ನ್ನು ಮರೆತವರು ವಿರಳ. ಮರುದಿನ ಬೆಳಗಿನವರೆಗಿನ 24 ತಾಸುಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಅದೇ ನಗರದ ಕೊಲಾಬಾದಲ್ಲಿ ಬಿದ್ದುದು 73 ಮಾತ್ರ. ಫೋರ್ಟಿನ ಕಚೇರಿಯಲ್ಲಿ ಕುಳಿತ ಎಷ್ಟೋ ಮಂದಿಗೆ, ತಮ್ಮ ಮನೆಯಿರುವ ಉಪನಗರ ಮುಳುಗುತ್ತಿದೆಯೆಂಬುದು ಊಹೆಗೂ ಬರಲಿಲ್ಲ. ಅಲ್ಲಲ್ಲಿ ಭಾರಿ ಮಳೆಯಾದೀತೆಂಬ ನಿನ್ನೆಯ ಮಾತಿನಿಂದ ಇಂಥ ದಿನ ಏನು ಪ್ರಯೋಜನ? ಬೇಕಾದುದು ಮುಂದಿನ ಎರಡು-ಮೂರು ತಾಸುಗಳ ಸುದ್ದಿ. ಅದೂ ಆಗಿಂದಾಗ ತಿದ್ದಿದ ಸುದ್ದಿ.

ಅದಕ್ಕೆ ತಾಜಾ ಮಾಪನಗಳು ಬೇಕು. ತೊಡಕಿರುವುದು ಇಲ್ಲಿಯೇ. ಧ್ರುವಗಳ ಮೇಲೆ ಹಾದುಹೋಗುವ ಹವಾಮಾನ ಉಪಗ್ರಹಗಳು ಸುಮಾರು 800 ಕಿಲೋಮೀಟರು ಎತ್ತರದಲ್ಲಿ, ನೂರು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತವೆ. ಗಾಳಿಯ ಉಷ್ಣತೆ, ತೇವಗಳನ್ನು ಪದರ ಪದರವಾಗಿ ಅಳೆಯುವುದರಲ್ಲಿ ಇವುಗಳದು ಎತ್ತಿದ ಕೈ. ಆದರೆ ಯುರೋಪಿನ ಮೆಟಾಪ್ ಉಪಗ್ರಹವು ದಾರಿಯುದ್ದಕ್ಕೂ ಅಳೆದುದನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿ, ಉತ್ತರಧ್ರುವದತ್ತ ಇರುವ ಸ್ವಾಲ್‌ಬಾರ್ಡ್ ದ್ವೀಪದಲ್ಲಿ ಇಳಿಸುತ್ತದೆ. ಅದು ಲೆಕ್ಕಕ್ಕೆ ಸಿದ್ಧವಾಗಿ ನಮ್ಮತ್ತ ಮರಳುವಷ್ಟರಲ್ಲಿ ಮೋಡವು ತನ್ನ ಕೆಲಸ ಮುಗಿಸಿರಬಹುದು. ಊರಿನ ಮದುವೆಯ ಕರೆಯೋಲೆ ಮದುವೆ ಮುಗಿದ ಮೇಲೆ ನಮ್ಮ ಕೈಸೇರುವುದಿಲ್ಲವೆ, ಹಾಗೆ!

ಪರಿಹಾರವೇನೋ ಉಂಟು. ಉಪಗ್ರಹವು ಅಳೆಯುತ್ತಿರುವಾಗಲೇ ಅದನ್ನು ಕೆಳಕ್ಕೂ ಪ್ರಸಾರ ಮಾಡುತ್ತಿರುತ್ತದೆ. ಆಂಟೆನಾ ನೆಟ್ಟವರಿಗೆ ಅದು ಒಡನೆಯೇ ಸಿಕ್ಕುತ್ತದೆ. ನಮ್ಮ ಹವಾಮಾನ ಇಲಾಖೆ ದೆಹಲಿ, ಚೆನ್ನೈ, ಗುವಾಹಟಿಗಳಲ್ಲಿ ಇಂಥ ಗ್ರಾಹಕಗಳನ್ನು ಸ್ಥಾಪಿಸಿತು. ಅಮೆರಿಕದಲ್ಲಿ ಮೂರು ಕಿಲೋಮೀಟರಿನ ಚೌಕಗಳಾಗಿ ನೆಲವನ್ನು ವಿಂಗಡಿಸಿ, ತಾಸಿಗೊಮ್ಮೆ ಹೊಸ ಮುನ್ಸೂಚನೆ ಲೆಕ್ಕ ಹಾಕುವ ಏರ್ಪಾಡು 2014ರಲ್ಲಿ ಆರಂಭವಾಯಿತು. ಇಂಥ ಲೆಕ್ಕವು ತಡವಾಗಿ ಬರುವ ಮಾಪನಕ್ಕಾಗಿ ಕಾಯುವಂತಿಲ್ಲ. ಲೋಕಲ್ ರೈಲಿನಂತೆ, ಬಂದವರನ್ನು ಹತ್ತಿಸಿಕೊಂಡು ಹೊರಟುಬಿಡುತ್ತದೆ.

ಇನ್ನೊಂದು ಜಾತಿಯ ಉಪಗ್ರಹ 36,000 ಕಿಲೋಮೀಟರು ಎತ್ತರದಲ್ಲಿ ನಮ್ಮನ್ನೇ ನೋಡುತ್ತ ನಿಂತಿರುತ್ತದೆ. 2016ರಲ್ಲಿ ಏರಿದ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಏರಿದ ಇನ್ಸಾಟ್-3ಡಿಎಸ್ ಈ ಜಾತಿಯವು. ಒಂದೊಂದೂ ಅರ್ಧ ತಾಸಿಗೊಂದು ಚಿತ್ರ ಕಳಿಸುತ್ತದೆ. ಎರಡರ ಸರದಿಯನ್ನು ಹಿಂದುಮುಂದು ಮಾಡಿದರೆ ಕಾಲು ತಾಸಿಗೊಂದು ಸಿಕ್ಕುತ್ತದೆ. ಇವುಗಳ ಲಗಾಮು ಇರುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಲು ಮರೆಯಬಾರದು.

ಆದರೂ ಇವುಗಳ ಚಿತ್ರಗಳಲ್ಲಿ ಕಾಣುವುದು ಮೋಡದ ನೆತ್ತಿ. ಹೊಟ್ಟೆಯೊಳಗಿನ ಮಳೆಯನ್ನು ನೋಡಲು ರಡಾರೇ ಬೇಕು. 2005ರಲ್ಲಿ ಮುಂಬಯಿಗೆ ಡಾಪ್ಲರ್ ರಡಾರ್ ಇರಲಿಲ್ಲ. ಬಳಿಕ ಕೊಲಾಬಾದಲ್ಲೊಂದು, 2022ರಲ್ಲಿ ವೆರಾವಲಿಯಲ್ಲೊಂದು ಬಂದವು. ಇಲಾಖೆಯ ಮೂರು ತಾಸಿನ ಮುನ್ಸೂಚನೆ ಈಗ ಕೈಯೊಳಗಿನ ಫೋನಿಗೇ ಬರುತ್ತದೆ. ಮಳೆಗಾಲದಲ್ಲಿ ಶಾಲೆ ಬಿಡುವ ಹೊತ್ತಿಗೆ ಅದನ್ನೊಮ್ಮೆ ನೋಡಿಕೊಂಡೇ ಕೊಡೆ ಹಿಡಿದು ಹೊರಡುವ ತಾಯಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ.